ಬಾಡಿಗೆ ಗೌನಿನ ಪದವೀಧರೆ

‘ಆಕಿದು ಡಿಗ್ರಿ ಆಗಿಲ್ಲ. ಆಗೂದೂ ಇಲ್ಲ. ಇನ್ನ ಮ್ಯಾಲ ಯಾರೂ ಕೇಳಬ್ಯಾಡ್ರಿ.’

ಹೀಗೆ ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದು ನಮ್ಮ ಮನೆತನದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಹನ್ನೊಂದು ಸೆಕೆಂಡಿನ ವಾಯ್ಸ್ ಮೆಸೇಜ್. ‘ಆಕಿ’ ಅಂದರೆ ನಾನು.

ಆ ಗ್ರೂಪಿನಲ್ಲಿ ನಲವತ್ಮೂರು ಜನರಿದ್ದಾರೆ. ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ಮಧ್ಯಾಹ್ನ ಶುಗರ್ ಇಳಿಸುವ ಕಷಾಯ, ಸಂಜೆ ಯಾರದೋ ಮಗುವಿನ ಡ್ಯಾನ್ಸ್. ಏನೇ ಬರಲಿ, ಹಿಂದೆಯೇ ಹತ್ತು ಹೆಬ್ಬೆರಳು, ಹತ್ತು ಮುಗಿದ ಕೈ. ಅವತ್ತು ದೊಡ್ಡಪ್ಪನ ಮೆಸೇಜಿನ ಕೆಳಗೆ ಒಂದು ಹೆಬ್ಬೆರಳೂ ಏಳಲಿಲ್ಲ. ಎಲ್ಲರೂ ಕೇಳಿದ್ದಾರೆ, ಯಾರೂ ಮಾತಾಡುತ್ತಿಲ್ಲ. ನಲವತ್ತು ಜನ ಒಟ್ಟಿಗೆ ಸುಮ್ಮನಾದರೆ ಎಷ್ಟು ಸದ್ದಾಗುತ್ತದೆ ಗೊತ್ತೇ ನಿಮಗೆ?

ನಾನು ಅದನ್ನು ಕೇಳಿಸಿಕೊಂಡಿದ್ದು ಕೊಚ್ಚಿಯ ಮೆಟ್ರೋದಲ್ಲಿ. ತ್ರಿಪ್ಪುಣಿತ್ತುರದಲ್ಲಿ ಹತ್ತಿ ಕಲೂರಿನಲ್ಲಿ ಇಳಿಯಬೇಕಾದವಳು ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟಿದ್ದೆ.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಜಾತಕ ಗೊತ್ತು. ಹೊಸಬರಿಗಾಗಿ ನಾಲ್ಕು ಸಾಲು. ನಾನು ರೋಣದ ಕಡೆಯವಳು. ಅಪ್ಪ ಬ್ಯಾಂಕೊಂದರಲ್ಲಿ ಕಸ ಗುಡಿಸುತ್ತಿದ್ದ. ನನ್ನ ಪಿಯುಸಿ ಮುಗಿದ ವರ್ಷವೇ ತೀರಿಕೊಂಡ. ಅನುಕಂಪದ ಮೇಲೆ ಅವನ ಕೆಲಸ ನನಗೆ ಬಂತು. ಹತ್ತೊಂಬತ್ತನೇ ವಯಸ್ಸಿಗೆ ಅಪ್ಪ ಗುಡಿಸಿದ ನೆಲವನ್ನೇ ಗುಡಿಸಿದೆ. (ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಚೆನ್ನಾಗಿಯೇ ಗುಡಿಸುತ್ತಿದ್ದೆ.) ಆಮೇಲೆ ಒಳಗಿನ ಪರೀಕ್ಷೆ ಬರೆದು ಕ್ಲರ್ಕ್ ಆದೆ. ಗಂಡನಿಗೆ ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಗೆ ವರ್ಗವಾದಾಗ ಕೇಳಿಕೊಂಡು, ಕಾಡಿಕೊಂಡು, ಕಲೂರಿನ ಶಾಖೆಗೆ ಬಂದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರು ಯಾರೂ ಇರಲಿಲ್ಲ. ಶಾಖೆಯಲ್ಲಿ ಡಿಗ್ರಿ ಇಲ್ಲದವಳು ನಾನೊಬ್ಬಳೇ. ಈ ಎರಡು ವಾಕ್ಯಗಳ ನಡುವೆ ನಾನು ಇಪ್ಪತ್ತು ವರ್ಷ ಓಡಾಡಿದ್ದೇನೆ. ನಲವತ್ತು ಹತ್ತಿರವಾದಾಗ ಗಟ್ಟಿ ಮನಸ್ಸು ಮಾಡಿ ಮುಕ್ತ ವಿಶ್ವವಿದ್ಯಾಲಯವೊಂದರಲ್ಲಿ ಬಿ.ಕಾಂಗೆ ಹೆಸರು ಹಚ್ಚಿದೆ. ಮೂರು ವರ್ಷದ ಕೋರ್ಸು. ಆರು ವರ್ಷದೊಳಗೆ ಮುಗಿಸಲೇಬೇಕು. ಮುಗಿಯದಿದ್ದರೆ ನೋಂದಣಿ ರದ್ದು, ಬರೆದದ್ದೆಲ್ಲ ನೀರಿಗೆ.

ಇಷ್ಟು ನಿಮಗೆ ಗೊತ್ತಿತ್ತು. ಒಂದು ವಿಷಯ ಮಾತ್ರ ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ಇವತ್ತು ಹೇಳಿಬಿಡುತ್ತೇನೆ.

ಮೂರು ವರ್ಷದ ಓದನ್ನು ನಾಲ್ಕು ವರ್ಷ ಎಳೆದು, ಕೊನೆಯ ಪರೀಕ್ಷೆ ಬರೆದು ಹೊರಗೆ ಬಂದ ದಿನ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಸಿಂಚನಾ ಐಸ್‌ಕ್ರೀಮ್ ಆಸೆಗೆ ಜೊತೆಗೆ ಬಂದಿದ್ದಳು. ಕಲೂರು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ. ಗಾಜಿನ ಹಿಂದೆ ಕಪ್ಪು ಗೌನು, ಚೌಕದ ಟೋಪಿ ಹಾಕಿಕೊಂಡ ಹುಡುಗಿಯೊಬ್ಬಳ ಫೋಟೋ. ಕೆಳಗೆ ಬೋರ್ಡು: ಗೌನ್ ಬಾಡಿಗೆಗೆ ದೊರೆಯುತ್ತದೆ.

ನಿಂತೆ. ನೋಡಿದೆ. ಒಳಗೆ ಹೋದೆ.

‘ಅಮ್ಮಾ, ರಿಸಲ್ಟ್ ವನ್ನಿಲ್ಲಲ್ಲೋ’ ಅಂದಳು ಮಗಳು. ರಿಸಲ್ಟ್ ಇನ್ನೂ ಬಂದಿಲ್ಲವಲ್ಲ ಅಂತ. (ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಬೈದರೆ ಇಂಗ್ಲಿಷಿನಲ್ಲಿ.)

‘ಬರ್ತೈತಿ ತಗೋ. ಛಲೋ ಬರದೀನಿ.’

‘ದೆನ್ ವೆಯ್ಟ್ ಫಾರ್ ಇಟ್, ಅಮ್ಮಾ.’

ನಾನು ಕಾಯಲಿಲ್ಲ. ಗೌನ್ ಹಾಕಿಕೊಂಡೆ. ಸುರುಳಿ ಸುತ್ತಿದ ಖಾಲಿ ಹಾಳೆಯೊಂದನ್ನು ಸ್ಟುಡಿಯೋದವನೇ ಕೈಗೆ ಕೊಟ್ಟ, ಅದಕ್ಕೊಂದು ಕೆಂಪು ರಿಬ್ಬನ್ನೂ ಇತ್ತು. ನಕ್ಕೆ. ಐಸ್‌ಕ್ರೀಮ್ ಕರಗುವುದರೊಳಗೆ ಫೋಟೋ ಸ್ಟೇಟಸ್ಸಿನಲ್ಲಿತ್ತು, ಫೇಸ್‌ಬುಕ್ಕಿನಲ್ಲಿತ್ತು, ಮನೆತನದ ಗ್ರೂಪಿನಲ್ಲಿತ್ತು. ಮೇಲೆ ಬರೆದದ್ದು ಇಷ್ಟೇ: ‘ಕೊನೆಗೂ.’

ಸುಳ್ಳು ಹೇಳಲಿಲ್ಲ ನೋಡಿ. ‘ಪಾಸಾದೆ’ ಎಂದು ಎಲ್ಲಿ ಬರೆದಿದ್ದೇನೆ? ಆದರೆ ಗೌನ್ ಹಾಕಿಕೊಂಡವಳು ಬಾಯಿ ಬಿಟ್ಟು ಹೇಳಬೇಕೇ?

ಹೆಬ್ಬೆರಳುಗಳ ಮಳೆ. ಹೃದಯಗಳ ಮಳೆ. ಹತ್ತು ವರ್ಷ ಮಾತಾಡದ ಸೋದರತ್ತೆ ಫೋನ್ ಮಾಡಿ ಅತ್ತಳು. ಶಾಖೆಯಲ್ಲಿ ಕೇಕ್ ಕತ್ತರಿಸಿದರು. ಎರಡು ದಿನ ನಾನು ಕಾಲು ನೆಲಕ್ಕೆ ಇಟ್ಟಿರಲಿಲ್ಲ. ಪ್ರತಿ ಐದು ನಿಮಿಷಕ್ಕೆ ಫೋನ್ ತೆಗೆದು, ಇನ್ನೂ ಯಾರು ಹೊಗಳಿದರು ಎಂದು ನೋಡುವುದೇ ಕೆಲಸ. ಜೀವನದಲ್ಲಿ ಮೊದಲ ಬಾರಿಗೆ ಜಗತ್ತು ನನ್ನ ಕಡೆ ತಿರುಗಿ ನೋಡಿದ ಹಾಗಿತ್ತು. ಸ್ವಲ್ಪ ಹೊತ್ತು ತಿರುಗಿ ನೋಡಲಿ ಎಂದು ಬಯಸಿದ್ದು ಅಷ್ಟು ದೊಡ್ಡ ತಪ್ಪೇ? ಆಗ ಅನಿಸಲಿಲ್ಲ.

ಊರಲ್ಲಿ ಇನ್ನೊಂದು ನಡೆಯುತ್ತಿತ್ತು. ಅಪ್ಪ ಸತ್ತ ಮೇಲೆ ನಮ್ಮನ್ನು ಸಾಕಿದವರು ದೊಡ್ಡಪ್ಪ. ಏಳನೇ ಇಯತ್ತೆ ಓದಿದವರು, ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಅವರು ಆ ಫೋಟೋವನ್ನು ಗದಗಿಗೆ ಒಯ್ದು ಫ್ಲೆಕ್ಸ್ ಮಾಡಿಸಿದರು. ನಮ್ಮ ಕಡೆ ಯಾರಾದರೂ ಪಿಎಸ್‌ಐ ಆದರೆ, ಪಂಚಾಯತಿ ಮೆಂಬರ್ ಆದರೆ, ಕೊನೆಗೆ ಬರ್ತ್‌ಡೇ ಬಂದರೂ ಫ್ಲೆಕ್ಸ್ ಕಟ್ಟುತ್ತಾರೆ. ಬಸ್‌ಸ್ಟ್ಯಾಂಡಿನ ಬೇವಿನ ಮರಕ್ಕೆ ಆಳೆತ್ತರದ ನಾನು. ‘ನಮ್ಮ ಊರಿನ ಹೆಮ್ಮೆಯ ಪ್ರಥಮ ಮಹಿಳಾ ಪದವೀಧರೆ ಕುಮಾರಿ ಗಂಗಾ ಇವರಿಗೆ ಹಾರ್ದಿಕ ಅಭಿನಂದನೆಗಳು.’ (ಕುಮಾರಿ! ಹದಿನಾಲ್ಕು ವರ್ಷದ ಮಗಳಿದ್ದಾಳೆ.) ಕೆಳಗಿನ ಮೂಲೆಯಲ್ಲಿ ಅಂಚೆ ಚೀಟಿಯಷ್ಟು ದೊಡ್ಡಪ್ಪ, ಡ್ರೈವರ್ ಟೋಪಿಯಲ್ಲಿ.

ರಿಸಲ್ಟ್ ಬಂತು. ಎಲ್ಲದರಲ್ಲೂ ಪಾಸು. ಸಂಖ್ಯಾಶಾಸ್ತ್ರದಲ್ಲಿ ಫೇಲು.

ದೊಡ್ಡಪ್ಪನಿಗೆ ಮಾತ್ರ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. ‘ಹೌದೇನು’ ಅಂದರು. ಆಮೇಲೆ ‘ಹಂಗಾರ ಆ ಫೋಟೋದಾಗ ಕೈಯಾಗ ಹಿಡದಿದ್ದು ಏನು?’ ಎಂದು ಕೇಳಿದರು.

‘ಖಾಲಿ ಹಾಳಿ, ದೊಡ್ಡಪ್ಪ.’

ಅವತ್ತು ಮಧ್ಯಾಹ್ನವೇ, ಸಂತೆಯ ಜನರೆಲ್ಲ ನೋಡುತ್ತಿರುವಾಗ, ಎಪ್ಪತ್ತೆರಡರ ಮುದುಕ ಏಣಿ ಹಾಕಿ ಫ್ಲೆಕ್ಸ್ ಬಿಚ್ಚಿದರಂತೆ. ಯಾಕೆ ಎಂದು ಕೇಳಿದವರಿಗೆ ‘ಗಾಳಿಗೆ ಹರಿಯಾಕ ಹತ್ತಿತ್ತು’ ಅಂದರಂತೆ. ಆಮೇಲೆ ಅದನ್ನು ಹಿತ್ತಲಿನ ಮೇವಿನ ಬಣವೆಗೆ ಹೊದಿಸಿದರು.

ನನಗಾಗಿ ಅವರು ಸುಳ್ಳು ಹೇಳಿದರು. ಮೂವತ್ತು ವರ್ಷ ಬಸ್ ಓಡಿಸಿ ಒಂದು ಕೋಳಿಯನ್ನೂ ಬಡಿಯದ ಮನುಷ್ಯ, ಊರ ಮುಂದೆ ಮೊದಲ ಸುಳ್ಳು ಹೇಳಿದ್ದು ನನ್ನ ಸ್ಟೇಟಸ್ಸಿನ ದೆಸೆಯಿಂದ.

ಫೋಟೋ ತೆಗೆದುಹಾಕಿದೆ. ಯಾರಿಗೂ ಏನೂ ಹೇಳಲಿಲ್ಲ. ಶಾಖೆಗೂ ಹೇಳಲಿಲ್ಲ. ಕೇಕ್ ತಿಂದವರಿಗೆ ಏನೆಂದು ಹೇಳುವುದು?

ಮರುವರ್ಷ ಮತ್ತೆ ಕುಳಿತೆ. ಮತ್ತೆ ಫೇಲು. ಇದಕ್ಕೆ ಕಾರಣ ಕೇಳಬೇಡಿ, ನಾನೇ ಹೇಳುತ್ತೇನೆ. ಪುಸ್ತಕದ ಮೇಲೆ ಫೋನ್ ಇಟ್ಟುಕೊಂಡು ಓದುತ್ತಿದ್ದೆ. ಮಧ್ಯಾಂಕ ಕಂಡುಹಿಡಿಯುವ ಸೂತ್ರ ನೋಡಲು ಯೂಟ್ಯೂಬ್ ತೆರೆದರೆ, ಸ್ವಲ್ಪ ಹೊತ್ತಿಗೆ ನಾನು ಯಾರೋ ಹೆಂಗಸು ಹಲಸಿನ ಬೀಜದಲ್ಲಿ ಪಾಯಸ ಮಾಡುವುದನ್ನು ನೋಡುತ್ತಿರುತ್ತಿದ್ದೆ. ನಾನು ಆ ಪಾಯಸ ಮಾಡಲೂ ಇಲ್ಲ. ಮಧ್ಯಾಂಕವೂ ಬರಲಿಲ್ಲ. ಪರೀಕ್ಷೆಯ ಹಿಂದಿನ ವಾರ ‘ಓದುತ್ತಿದ್ದೇನೆ, ಹಾರೈಸಿ’ ಎಂದು ಪುಸ್ತಕದ ಫೋಟೋ ಹಾಕುವ ಚಪಲ ಬೇರೆ. ಹಾಕಲಿಲ್ಲ ಬಿಡಿ. ಮೂರು ಸಲ ತೆಗೆದು, ಬೆಳಕು ಸರಿಯಿಲ್ಲ ಎಂದು ಅಳಿಸಿದೆ. ಆ ಹೊತ್ತಿನಲ್ಲಿ ಒಂದು ಪಾಠ ಮುಗಿಯುತ್ತಿತ್ತು.

ಆಗಲೇ ಗ್ರೂಪಿನಲ್ಲಿ ಸೋದರತ್ತೆಯ ಮಗ ಸುಮ್ಮನೆ ಇರಲಾರದೆ ಕೇಳಿದ: ‘ಗಂಗಕ್ಕಾ, ಡಿಗ್ರಿ ಆಗಿ ವರ್ಷ ಆತು, ಆಫೀಸರ್ ಯಾವಾಗ ಆಗ್ತಿ?’ ಅದಕ್ಕೆ ದೊಡ್ಡಪ್ಪ ಕೊಟ್ಟ ಉತ್ತರವೇ ನಾನು ಮೇಲೆ ಬರೆದದ್ದು. ಹನ್ನೊಂದು ಸೆಕೆಂಡು. ಅವರಿಗೆ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ, ಅಷ್ಟೇ.

ಎರಡು ಸ್ಟೇಷನ್ ಮುಂದೆ ಹೋಗಿ ಇಳಿದವಳು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆ. ಆರನೇ ವರ್ಷ ನಡೆಯುತ್ತಿದೆ. ಉಳಿದಿರುವುದು ಒಂದೇ ಪರೀಕ್ಷೆ, ಒಂದೇ ಸಲ. ಅದೂ ಹೋದರೆ ಆ ಫೋಟೋ ಜನ್ಮಪೂರ್ತಿ ಸುಳ್ಳಾಗಿಯೇ ಉಳಿಯುತ್ತದೆ. ಪಾಸಾದರೆ? ಪಾಸಾದರೆ ಅದು ಸ್ವಲ್ಪ ಅವಸರದ ಫೋಟೋ ಮಾತ್ರ.

‘ಆಗೂದಿಲ್ಲ’ ಅಂದರಲ್ಲ ದೊಡ್ಡಪ್ಪ. ಮಾಡಿಯೇ ತೋರಿಸುತ್ತೇನೆ ಅಂದುಕೊಂಡೆ. ತೋರಿಸುವವರೆಗೆ ಏನೂ ತೋರಿಸುವುದಿಲ್ಲ ಅಂತಲೂ.

ಫೇಸ್‌ಬುಕ್ ಹೋಯಿತು. ರೀಲ್ಸ್ ಹೋಯಿತು. ಹದಿನೇಳು ಗ್ರೂಪುಗಳಲ್ಲಿ ಹದಿನಾರರ ಬಾಯಿ ಮುಚ್ಚಿಸಿದೆ. ಒಂದನ್ನು ಮಾತ್ರ ಉಳಿಸಿಕೊಂಡೆ: ನಮ್ಮ ಕೋರ್ಸಿನ, ಫೇಲಾದವರ ಗ್ರೂಪು.

ಅಲ್ಲಿ ಸಿಕ್ಕವಳು ಲತಿಕಾ. ತಿರುವನಂತಪುರದ ಚಾಲೈ ಪೇಟೆಯಲ್ಲಿ ಮೆಣಸು, ಏಲಕ್ಕಿ, ಒಣಮೆಣಸಿನಕಾಯಿಯ ಸಗಟು ಅಂಗಡಿಯಲ್ಲಿ ಕೆಲಸ. ಅವಳದೂ ಅದೇ ಸಂಖ್ಯಾಶಾಸ್ತ್ರ, ಅದೇ ಕೊನೆಯ ಅವಕಾಶ, ಅವಳ ಮನೆಯಲ್ಲೂ ಅವಳೇ ಮೊದಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಓದಲು ಇಬ್ಬರಿಗೂ ಪುರಸೊತ್ತಿಲ್ಲ. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆವು. ಅವಳು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಂದು ಪಾಠ ಓದಿ, ಮಲಯಾಳ-ಇಂಗ್ಲಿಷ್ ಬೆರೆಸಿ ವಾಯ್ಸ್ ಮೆಸೇಜ್ ಕಳಿಸುವುದು. ನಾನು ಅದನ್ನು ಮೆಟ್ರೋದಲ್ಲಿ ಕೇಳಿ, ಊಟದ ಹೊತ್ತಿಗೆ ಎರಡು ಲೆಕ್ಕ ಬಿಡಿಸಿ, ಹಾಳೆಯ ಫೋಟೋ ಕಳಿಸುವುದು. ನನ್ನ ಲೆಕ್ಕ ತಪ್ಪಿದರೆ ಅವಳು ಬೈಯುವುದು.

‘ಗಂಗ ಚೇಚೀ, ಕೇಳಿ,’ ಎಂದು ಶುರು. (ಚೇಚಿ ಅಂದರೆ ಅಕ್ಕ.) ಹಿಂದೆ ಕೈಗಾಡಿಯ ಸದ್ದು, ಯಾರೋ ಕೂಗುವುದು. ‘ಅಂಗಡಿಯಲ್ಲಿ ಹತ್ತು ಮೂಟೆ. ಸರಾಸರಿ ತೂಕ ಐವತ್ತು ಕಿಲೋ. ಮುದಲಾಳಿ, ನಮ್ಮ ಯಜಮಾನ, ಖುಷಿ. ಆದರೆ ಹೊರುವವನನ್ನು ಕೇಳಿ! ಒಂದು ನಲವತ್ತು, ಒಂದು ಅರವತ್ತು. ಅವನ ಬೆನ್ನಿಗೆ ಸರಾಸರಿ ಗೊತ್ತಿಲ್ಲ, ಚೇಚೀ. ಅವನ ಬೆನ್ನಿಗೆ ಗೊತ್ತಿರುವುದೇ ಸ್ಟ್ಯಾಂಡರ್ಡ್ ಡೀವಿಯೇಷನ್. ಮನಸ್ಸಿಲಾಯೋ?’

ಮನಸ್ಸಿಲಾಯಿತು. ಎರಡು ಸಲ ಫೇಲಾದವಳಿಗೆ ಒಂದೇ ಸಲಕ್ಕೆ ತಿಳಿಯಿತು. ನಲವತ್ಮೂರು ಜನ ನೆಂಟರು ಕೊಡದಿದ್ದನ್ನು ಮುಖ ನೋಡದ ಒಬ್ಬಳು ಕೊಟ್ಟಳು, ಮೆಣಸಿನ ಘಾಟಿಗೆ ಸೀನುತ್ತ. ನಾನೂ ಅವಳಿಂದ ಏನನ್ನೂ ಮುಚ್ಚಿಡಲಿಲ್ಲ. ಗೌನಿನ ಫೋಟೋ ಕಳಿಸಿ ಕಥೆ ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ‘ಚೇಚೀ, ಚೆಂದ ಕಾಣುತ್ತೀರಿ, ನಾನು ಅಳಿಸುವುದಿಲ್ಲ’ ಅಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ಆದರೆ ಹಟಕ್ಕೆ ಬಿದ್ದವಳಿಗೆ ಬುದ್ಧಿ ಎಲ್ಲಿಯದು? ಪರೀಕ್ಷೆಗೆ ಹತ್ತು ದಿನ ಇರುವಾಗ, ಓದಿದ್ದು ಸಾಕು, ಇನ್ನು ಪುನರಾವರ್ತನೆ ಮಾತ್ರ, ಫೋನೇ ಬೇಡ ಎಂದು ತೀರ್ಮಾನಿಸಿದೆ. ಸಿಮ್ ತೆಗೆದು ಹಳೆಯ ಬಟನ್ ಫೋನಿಗೆ ಹಾಕಿದೆ. ಸ್ಮಾರ್ಟ್‌ಫೋನನ್ನು ಆಫ್ ಮಾಡಿ ಮಗಳ ಕಪಾಟಿನಲ್ಲಿಟ್ಟು, ಬೀಗದ ಕೈ ಅವಳಿಗೇ ಕೊಟ್ಟೆ. ಅವಳ ಮುಖದಲ್ಲಿ ಆಗ ಕಂಡ ಸಂತೋಷವನ್ನು ನಾನು ಮರೆಯಲಾರೆ. ‘ಪಾವಂ ಅಮ್ಮ’ ಅಂದಳು. ಪಾಪ ಅಮ್ಮ!

ಪರೀಕ್ಷೆಯ ದಿನ. ಮೂರು ದಿನದಿಂದ ಜಡಿಮಳೆ. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ, ಸೆಂಟರು ಕಲೂರಿನ ಒಂದು ಕಾಲೇಜು, ನಮ್ಮ ಶಾಖೆಯಿಂದ ಐದು ನಿಮಿಷದ ನಡಿಗೆ. ಒಂದೂವರೆವರೆಗೆ ಕೆಲಸ ಮಾಡಿ, ಅರ್ಧ ದಿನ ರಜೆ ಹಾಕಿ ಹೋಗುವ ಲೆಕ್ಕ. ರಜೆಗೆ ಕಾರಣ: ಹಲ್ಲಿನ ಡಾಕ್ಟರು. (ಪದವೀಧರೆಗೆ ಪದವಿ ಪರೀಕ್ಷೆ ಇದೆ ಎಂದು ಬರೆಯಲಾಗುತ್ತದೆಯೇ?) ಬಟನ್ ಫೋನು ಬ್ಯಾಗಿನಲ್ಲಿ, ಸೈಲೆಂಟಿನಲ್ಲಿ. ಕೌಂಟರಿನಲ್ಲಿ ಫೋನ್ ಇಟ್ಟುಕೊಳ್ಳಬಾರದೆಂಬುದು ನಮ್ಮ ಶಾಖೆಯ ನಿಯಮ.

ಹನ್ನೆರಡೂವರೆಯ ಹೊತ್ತಿಗೆ ಕೌಂಟರಿನ ಮುಂದಿನ ಸಾಲಿನಲ್ಲಿ ಗಲಾಟೆ. ಯಾರೋ ಟೋಕನ್ ಇಲ್ಲದೆ ನುಗ್ಗುತ್ತಿದ್ದಾರೆ. ತಲೆ ಎತ್ತಿದರೆ ತಂಗಪ್ಪನ್ ಚೇಟ್ಟನ್. ನಮ್ಮ ಶಾಖೆಯ ಬಾಗಿಲಲ್ಲಿ ಲಾಟರಿ ಮಾರುವ ಮುದುಕ, ಎಲ್ಲರಿಗೂ ಚೇಟ್ಟನ್, ಅಂದರೆ ಅಣ್ಣ. ಇಷ್ಟು ವರ್ಷದಲ್ಲಿ ಒಂದು ದಿನವೂ ಬಾಗಿಲು ದಾಟಿ ಒಳಗೆ ಬಂದವನಲ್ಲ. ಕೊಡೆಯಿಂದ ನೀರು ಸುರಿಯುತ್ತಿದೆ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನು. ಅದನ್ನು ಗಾಜಿಗೆ ಒತ್ತಿ ಹಿಡಿದ.

ಪರದೆಯ ಮೇಲೆ ನಾನು. ಕಪ್ಪು ಗೌನು, ಚೌಕದ ಟೋಪಿ, ಕೆಂಪು ರಿಬ್ಬನ್.

‘ಇದು ನೀನೇ ಅಲ್ಲವೇ, ಮೋಳೇ?’

‘ಮಗಳೇ’ ಎಂದು ಕರೆದವನ ಫೋನಿಗೆ ಮುಖ ಹತ್ತಿರ ತಂದೆ. ಫೋಟೋದ ಕೆಳಗೆ ಮಲಯಾಳದಲ್ಲಿ ಉದ್ದ ಬರಹ. ಚೇಟ್ಟನ್ ಇಡೀ ಬ್ಯಾಂಕಿಗೆ ಕೇಳುವಂತೆ ಓದಿದ: ‘ಈ ಚೇಚಿಗೆ ಇವತ್ತು ಎರಡು ಗಂಟೆಗೆ ಬಿ.ಕಾಂ ಪರೀಕ್ಷೆ. ಕಲೂರಿನ ಸೆಂಟರಿಗೆ ನೀರು ನುಗ್ಗಿ, ತ್ರಿಪ್ಪುಣಿತ್ತುರದ ಶಾಲೆಗೆ ಬದಲಾಗಿದೆ. ಚೇಚಿಗೆ ಗೊತ್ತಿಲ್ಲ, ಫೋನ್ ಎತ್ತುತ್ತಿಲ್ಲ. ಹೆಸರು ಗಂಗಾ, ಕನ್ನಡದವರು, ಕಲೂರಿನ ಯಾವುದೋ ಬ್ಯಾಂಕಿನಲ್ಲಿ ಕೆಲಸ. ಕಂಡವರು ದಯವಿಟ್ಟು ಹೇಳಿ. ಇದು ಅವರ ಕೊನೆಯ ಅವಕಾಶ.’

ಲತಿಕಾ! ಬೆಳಿಗ್ಗೆ ನಮ್ಮ ಗ್ರೂಪಿಗೆ ಸೆಂಟರ್ ಬದಲಾದ ಸುದ್ದಿ ಬಂದಿದೆ. ಈಮೇಲೂ ಬಂದಿದೆಯಂತೆ. ನನಗೆ ಎರಡೂ ಇಲ್ಲ. ಅವಳು ಇಪ್ಪತ್ತು ಸಲ ಫೋನ್ ಮಾಡಿದ್ದಾಳೆ. (ನಮ್ಮ ಶಾಖೆಯ ಲ್ಯಾಂಡ್‌ಲೈನ್ ಇದೆಯಲ್ಲ ಅನ್ನುತ್ತೀರಾ? ಯಾವ ಬ್ಯಾಂಕು ಎಂದೇ ಅವಳಿಗೆ ಗೊತ್ತಿಲ್ಲ; ಗೊತ್ತಿದ್ದರೂ, ಬ್ಯಾಂಕಿನ ಫೋನನ್ನು ಯಾರು ಎತ್ತಿದ್ದನ್ನು ನೀವು ಕಂಡಿದ್ದೀರಿ?) ಆಮೇಲೆ, ತನ್ನ ಹತ್ತಿರ ಇದ್ದ ನನ್ನ ಒಂದೇ ಒಂದು ಫೋಟೋ ಹಾಕಿ ಬರೆದು, ಅದನ್ನು ಚಾಲೈನಲ್ಲಿ ಲಾಟರಿ ಏಜೆಂಟ್ ಆಗಿರುವ ತನ್ನ ಭಾವನಿಗೆ ಕಳಿಸಿದ್ದಾಳೆ. ಭಾವ ಏಜೆಂಟರ ಗ್ರೂಪಿಗೆ. ಅಲ್ಲಿಂದ ಕೊಚ್ಚಿಯ ಗ್ರೂಪಿಗೆ. ಅಲ್ಲಿಂದ ತಂಗಪ್ಪನ್ ಚೇಟ್ಟನ್ನಿಗೆ. ಇನ್ನೂರು ಕಿಲೋಮೀಟರ್ ದೂರದ ಅಂಗಡಿಯಿಂದ ಹೊರಟ ನನ್ನ ಸುಳ್ಳು ಫೋಟೋ, ಲಾಟರಿ ಮಾರುವವರ ಕೈಯಿಂದ ಕೈಗೆ ದಾಟಿ, ನನ್ನನ್ನು ಹುಡುಕಿಕೊಂಡು ನನ್ನ ಕೌಂಟರಿಗೇ ಬಂದಿತ್ತು.

‘ಹೇಗೆ ಗುರುತು ಹಿಡಿದೆ ಚೇಟ್ಟಾ?’ ಎಂದು ಯಾರೋ ಕೇಳಿದರು.

‘ದಿನಾ ಬೆಳಿಗ್ಗೆ ನಾನು ಟಿಕೆಟ್ ಚಾಚುತ್ತೇನೆ. ದಿನಾ ಇವಳು ಬೇಡ ಅನ್ನುತ್ತಾಳೆ. ಆ ಮುಖ ಮರೆಯುತ್ತದೆಯೇ?’

ಸಾಲಿನಲ್ಲಿದ್ದವರು ನಕ್ಕರು. ನನ್ನ ಸಹೋದ್ಯೋಗಿಗಳು ನಗಲಿಲ್ಲ. ಪಕ್ಕದ ಕೌಂಟರಿನವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. ‘ಗಂಗ ಚೇಚಿ ಗ್ರಾಜ್ಯುಯೇಟ್ ಅಲ್ಲವೇ? ನಾವು ಕೇಕ್ ತಿಂದೆವಲ್ಲ?’

ಮ್ಯಾನೇಜರ್ ಕ್ಯಾಬಿನ್ನಿನಿಂದ ಹೊರಗೆ ಬಂದರು. ನನಗಿಂತ ಹತ್ತು ವರ್ಷ ಚಿಕ್ಕವರು. ಕೈಯಲ್ಲಿ ನನ್ನ ಹಲ್ಲು ನೋವಿನ ರಜೆ ಅರ್ಜಿ.

ಒಂದು ಕ್ಷಣ ಇತ್ತು. ‘ಅದು ಬೇರೆ ಯಾರೋ’ ಅನ್ನಬಹುದಿತ್ತು. ‘ಅದು ಬೇರೆ ಕೋರ್ಸು’ ಅನ್ನಬಹುದಿತ್ತು. ಬೇವಿನ ಮರಕ್ಕೆ ಏಣಿ ಹಾಕಿದ ಮುದುಕ ಕಣ್ಣೆದುರು ಬಂದರು. ಎದ್ದು ನಿಂತೆ.

‘ನಾನು ಗ್ರಾಜ್ಯುಯೇಟ್ ಅಲ್ಲ. ಆ ಗೌನು ಬಾಡಿಗೆಯದು. ರಿಸಲ್ಟಿಗೆ ಮುಂಚೆ ಹಾಕಿಕೊಂಡೆ. ಎರಡು ಸಲ ಫೇಲಾಗಿದ್ದೇನೆ. ಹಲ್ಲು ನೋವೂ ಇಲ್ಲ. ಇವತ್ತು ಪರೀಕ್ಷೆ.’

ಇಷ್ಟನ್ನು ನನ್ನ ಹರುಕು ಮಲಯಾಳದಲ್ಲಿ, ಮೂವತ್ತು ಜನ ಗ್ರಾಹಕರ ಮುಂದೆ. ಮುಗಿದ ಮೇಲೆ ಅನಿಸಿತು: ಇದೂ ಒಂದು ಸ್ಟೇಟಸ್ಸೇ. ಎರಡು ವರ್ಷ ತಡವಾಗಿ ಹಾಕಿದ್ದು.

ಮ್ಯಾನೇಜರ್ ರಜೆ ಅರ್ಜಿ ಮಡಚಿದರು. ‘ಪಲ್ಲು ಪಿನ್ನೆ ಪರಿಕ್ಕಾಂ, ಚೇಚೀ. ಗೋ!’ ಹಲ್ಲು ಆಮೇಲೆ ಕೀಳಿಸೋಣ, ಓಡಿ!

ಓಡಿದೆ. ಮೆಟ್ರೋ ಹತ್ತಿದೆ. ಹೊಸ ಸೆಂಟರ್ ಎಲ್ಲಿತ್ತು ಗೊತ್ತೇ? ನಮ್ಮ ಮನೆಯ ಹಿಂದಿನ ಬೀದಿ. ಬೆಳಿಗ್ಗೆ ಅದರ ಗೇಟಿನ ಮುಂದೆಯೇ ಕೊಡೆ ಹಿಡಿದು ನಡೆದುಹೋಗಿದ್ದೆ. ಗೇಟಿಗೆ ಅಂಟಿಸಿದ್ದ ಹಾಳೆಯನ್ನು ಸೂತ್ರ ಗೊಣಗುತ್ತ ಹೋಗುವವಳು ಎಲ್ಲಿ ನೋಡಿಯಾಳು?

ಎರಡಕ್ಕೆ ಹತ್ತು ನಿಮಿಷ ಇರುವಾಗ ಒಳಗಿದ್ದೆ. ಮೂರನೇ ಪ್ರಶ್ನೆ ಸ್ಟ್ಯಾಂಡರ್ಡ್ ಡೀವಿಯೇಷನ್. ಬೆನ್ನು ನೆನಪಾಯಿತು. ಬರೆದೆ.

ಅವತ್ತು ಸಂಜೆ ಮಗಳಿಂದ ಫೋನ್ ಕೇಳಿ ತೆಗೆದುಕೊಂಡೆ. ಮನೆತನದ ಗ್ರೂಪು ತೆರೆದು, ಎರಡು ವರ್ಷದ ಹಿಂದಿನ ಫೋಟೋ ಯಾವುದು, ಕೈಯಲ್ಲಿದ್ದ ಹಾಳೆ ಯಾವುದು, ದೊಡ್ಡಪ್ಪ ಯಾಕೆ ಫ್ಲೆಕ್ಸ್ ಬಿಚ್ಚಿದರು, ಎಲ್ಲ ಬರೆದೆ. ‘ಪರೀಕ್ಷೆ ಬರೆದಿದ್ದೇನೆ. ಪಾಸೋ ಫೇಲೋ ಗೊತ್ತಿಲ್ಲ. ಗೊತ್ತಾಗುವವರೆಗೆ ಅಭಿನಂದಿಸಬೇಡಿ’ ಎಂದು ಮುಗಿಸಿದೆ. ಹೆಬ್ಬೆರಳುಗಳು ಒಂದೊಂದಾಗಿ ಎದ್ದವು. ದೊಡ್ಡಪ್ಪನದು ಏಳಲಿಲ್ಲ. (ಮರುದಿನ ತಂಗಪ್ಪನ್ ಚೇಟ್ಟನ್ ಹತ್ತಿರ ಒಂದು ಟಿಕೆಟ್ ಕೊಂಡೆ. ಏನೂ ಬರಲಿಲ್ಲ. ನನ್ನ ಪಾಲಿನದು ಮೊದಲೇ ಬಂದಾಗಿತ್ತು.)

ಈ ಕಥೆ ಕೇಳಿದವರು ಎರಡು ಬಣ ಆಗುತ್ತಾರೆ. ‘ನೋಡಿದೆಯಾ, ಸೋಷಿಯಲ್ ಮೀಡಿಯಾ ಹೇಗೆ ಹಾಳು ಮಾಡುತ್ತದೆ’ ಎಂದು ಒಂದು ಬಣ. ‘ನೋಡಿದೆಯಾ, ಅದಿಲ್ಲದಿದ್ದರೆ ನಿನ್ನ ಗತಿ ಏನಾಗುತ್ತಿತ್ತು’ ಎಂದು ಇನ್ನೊಂದು. ಇಬ್ಬರಿಗೂ ನನ್ನದು ಒಂದೇ ಉತ್ತರ. ಆ ಫೋನು ನನಗೆ ಗೌನ್ ಹಾಕಿಕೋ ಅನ್ನಲಿಲ್ಲ. ಲತಿಕಾಗೆ ಹುಡುಕು ಅಂತಲೂ ಅನ್ನಲಿಲ್ಲ. ಅದೇ ಫೋಟೋ. ನಾನು ಹಾಕಿದ್ದು ನನ್ನನ್ನು ನೋಡಲಿ ಎಂದು. ಅವಳು ಹಾಕಿದ್ದು ನನಗೆ ತಿಳಿಯಲಿ ಎಂದು. ಈಗ ಏನನ್ನೇ ಹಾಕುವ ಮೊದಲು ನಾನು ಇಷ್ಟು ಕೇಳಿಕೊಳ್ಳುತ್ತೇನೆ: ಇದು ಯಾರಿಗೆ ಬೇಕು? ಉತ್ತರ ‘ನನಗೆ’ ಎಂದಾದರೆ ಫೋನ್ ಬ್ಯಾಗಿಗೆ. ಹತ್ತರಲ್ಲಿ ಏಳು ಸಲ ಬ್ಯಾಗಿಗೇ ಹೋಗುತ್ತದೆ. ಉಳಿದ ಮೂರು ಸಲ ನಾನೂ ಮನುಷ್ಯಳೇ.

ರಿಸಲ್ಟ್ ಬಂದಿದ್ದು ಊಟದ ಹೊತ್ತಿಗೆ. ಪಾಸು. ನಾನೂ ಪಾಸು, ಲತಿಕಾಳೂ ಪಾಸು. ಸ್ಕ್ರೀನ್‌ಶಾಟ್ ತೆಗೆಯಲು ಬೆರಳು ಹೋಯಿತು. ಹಿಂದಕ್ಕೆಳೆದುಕೊಂಡೆ. ದೊಡ್ಡಪ್ಪನಿಗೆ ಫೋನ್ ಮಾಡಿದೆ.

‘ಪಾಸಾತು, ದೊಡ್ಡಪ್ಪ.’

‘ಹೌದೇನು. ಫೋಟೋ ಕಳಸು, ನೋಡ್ತೀನಿ.’

‘ಕಳಸೂದಿಲ್ಲ. ಸರ್ಟಿಫಿಕೇಟ್ ತಿರುವನಂತಪುರದಾಗ ಕೊಡ್ತಾರ. ನೀವ ಬಂದು ಕಣ್ಣಿಂದ ನೋಡ್ರಿ.’

ಬರಲಿಕ್ಕಿಲ್ಲ ಅಂದುಕೊಂಡೆ. ಬಂದರು. ಎರಡು ರೈಲು ಬದಲಿಸಿ, ಬಿಳಿ ಧೋತರ, ಒಂದು ಗಂಟು ಖಡಕ್ ರೊಟ್ಟಿ. ‘ಇಲ್ಲಿ ಅಕ್ಕಿ ಯಾಕ ಇಷ್ಟ ದಪ್ಪ?’ ಎಂಬುದು ಕೇರಳದ ಬಗ್ಗೆ ಅವರ ಮೊದಲ ಮತ್ತು ಕೊನೆಯ ಪ್ರಶ್ನೆ.

ಮೊನ್ನೆ ತಿರುವನಂತಪುರಕ್ಕೆ ಹೋದೆವು. ಮೊದಲು ಚಾಲೈ. ಲತಿಕಾಳನ್ನು ಮೊದಲ ಸಲ ನೋಡಿದೆ. ದನಿ ಕೇಳಿ ಆಳೆತ್ತರದವಳು ಅಂದುಕೊಂಡಿದ್ದೆ, ನನ್ನ ಭುಜಕ್ಕೆ ಬರುತ್ತಾಳೆ. ಅಪ್ಪಿಕೊಂಡರೆ ಇಬ್ಬರಿಗೂ ಸೀನು. ದೊಡ್ಡಪ್ಪ ನಮ್ಮನ್ನು ಬಿಟ್ಟು ಒಣಮೆಣಸಿನಕಾಯಿ ಚೀಲಗಳ ಕಡೆ ನಡೆದರು. ಒಂದನ್ನು ಮುರಿದು ಮೂಸಿದರು. ಬೆರಳಲ್ಲಿ ಉಜ್ಜಿ ಬಣ್ಣ ನೋಡಿದರು.

‘ಇದು ಖರೇ ಬ್ಯಾಡಗಿ. ಆ ಚೀಲದ್ದು ಹೆಸರಿಗಷ್ಟ.’

ನಾನು ಅನುವಾದಿಸುವ ಮೊದಲೇ ಲತಿಕಾ ನಕ್ಕಳು. ‘ಅಚ್ಚನ್‌ಗೆ ಎಲ್ಲಾ ಗೊತ್ತು ಚೇಚೀ. ಮುದಲಾಳಿಗೆ ಹೇಳಬೇಡಿ.’ (ಅಚ್ಚನ್, ಅಂದರೆ ಅಪ್ಪ.)

ಅಲ್ಲಿಂದ ವಿಶ್ವವಿದ್ಯಾಲಯದ ಪ್ರಾದೇಶಿಕ ಕಚೇರಿ. ವೇದಿಕೆ ಇಲ್ಲ, ಮೈಕ್ ಇಲ್ಲ. ಒಂದು ಕಿಟಕಿ. ಕಿಟಕಿಯ ಆಚೆಯ ಹೆಂಗಸು ಹೆಸರು ಕೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಕಂದು ಬಣ್ಣದ ಕವರ್ ಕೊಟ್ಟರು. ‘ನೆಕ್ಸ್ಟ್’ ಅಂದರು. ಆರು ವರ್ಷ ಮುಗಿಯಿತು.

ಕವರ್ ಬಿಚ್ಚಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ದೊಡ್ಡಪ್ಪನ ಕೈಗೆ ಹಾಗೆಯೇ ಕೊಟ್ಟೆ.

ಅವರು ಕೈಗಳನ್ನು ಧೋತರಕ್ಕೆ ಒರೆಸಿಕೊಂಡರು. ಹಾಳೆ ಹೊರಗೆ ತೆಗೆದರು. ಬಸ್ಸಿನ ಬೋರ್ಡು ಓದಿ ಕಲಿತ ಇಂಗ್ಲಿಷಿನಲ್ಲಿ ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಮುದ್ರೆಯ ಮೇಲೆ ಬೆರಳಾಡಿಸಿದರು. ಬೆಳಕಿಗೆ ಎತ್ತಿ ಹಿಡಿದು ನೋಡಿದರು. ತಿರುಗಿಸಿ ಹಿಂಭಾಗವನ್ನೂ ನೋಡಿದರು, ಅಲ್ಲಿ ಏನೂ ಇರಲಿಲ್ಲ. ಲತಿಕಾ ಫೋಟೋ ತೆಗೆಯಲು ಫೋನ್ ಎತ್ತಿದಳು, ಏನನಿಸಿತೋ, ಇಳಿಸಿದಳು.

‘ಆ ಫ್ಲೆಕ್ಸ್ ಇನ್ನಾ ಐತೇನು, ದೊಡ್ಡಪ್ಪ?’ ಮಾತಾಡಲು ಏನಾದರೂ ಬೇಕಿತ್ತು, ಕೇಳಿದೆ.

‘ಮೇವಿನ ಮ್ಯಾಲ ಐತಿ. ಅಲ್ಲೇ ಇರಲಿ. ಮಳಿ ಛಲೋ ತಡೀತೈತಿ.’

ಮತ್ತೆ ಹಾಳೆ ನೋಡಿದರು. ಆಮೇಲೆ ನನ್ನನ್ನು, ಮೇಲಿನಿಂದ ಕೆಳಗಿನವರೆಗೆ. ಬ್ಯಾಂಕಿಗೆ ಉಟ್ಟುಕೊಂಡು ಹೋಗುವ ಅದೇ ಕಾಟನ್ ಸೀರೆ.

‘ಗೌನ್ ಕೊಡಲಿಲ್ಲೇನು?’

‘ಇಲ್ಲ ದೊಡ್ಡಪ್ಪ. ಕವರ್ ಅಷ್ಟ ಕೊಟ್ರು.’

ದೊಡ್ಡಪ್ಪ ಸರ್ಟಿಫಿಕೇಟನ್ನು ಕವರಿನೊಳಗೆ ಇಟ್ಟು, ಕವರನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

‘ಹಂಗಾರ ಇದು ಖರೇದು.’